ಗಡಿಯಲ್ಲಿ ಮುರಿದ ಟಿಕೆಟ್ಟು

ಸೊಂಬತ್‌ಹೆಯ್ ನಿಲ್ದಾಣದ ಮೂರನೇ ಕಿಂಡಿಯ ಎತೆಲ್ಕಾ
ಯಾರಿಗೂ ಇಡೀ ಟಿಕೆಟ್ಟು ಕೊಡುವವಳಲ್ಲ.

"ತ್ರಿಯೆಸ್ತೆಗಾ?" ಅಂತ ಕನ್ನಡಕ ಹಣೆಗೇರಿಸಿ
ಝೋಂಬೋರನನ್ನೂ ನನ್ನನ್ನೂ
ನಮ್ಮಿಬ್ಬರ ಒಂದೇ ಚೀಲವನ್ನೂ ತೂಗಿ ನೋಡಿದಳು.
"ಎಷ್ಟಿದೆ?"
ಎಣಿಸಿ ಇಟ್ಟೆವು. ಬೇಸಿಗೆಯೆಲ್ಲ ಗಾಜಿನ ಮನೆಯಲ್ಲಿ
ದೊಣ್ಣೆಮೆಣಸು ಕೊಯ್ದ ದುಡ್ಡು,
ನೋಟಿಗೂ ಅದೇ ಹಸಿರು ವಾಸನೆ.
"ನೇರ ಹೋದರೆ ಇಷ್ಟಕ್ಕೆ ಸಮುದ್ರವೇನೋ ಸಿಗುತ್ತೆ,
ವಾಪಸು ಬರೋ ದಾರಿ ಸಿಗಲ್ಲ."

ಹರಿದ ಲಕೋಟೆಯ ಬೆನ್ನ ಮೇಲೆ ಮೋಟು ಪೆನ್ಸಿಲು ಓಡಿತು.
ಗಡಿಯವರೆಗೆ ಒಂದು ಟಿಕೆಟ್ಟು, ನಮ್ಮವರ ದರಕ್ಕೆ.
ಗಡಿಯಿಂದ ಗ್ರಾಟ್ಸ್‌ಗೆ ಇನ್ನೊಂದು, ಅವರ ದರಕ್ಕೆ.
ಇಡಿಯಾಗಿ ಕೊಂಡರೆ ಎರಡಕ್ಕಿಂತ ಜಾಸ್ತಿಯಂತೆ!
ಯಾಕೆ ಅಂತ ಕೇಳಿದರೆ,
"ರೈಲು ಗಡಿ ಮರೆತಿದೆ, ದರಪಟ್ಟಿ ಮರೆತಿಲ್ಲ."
ಗ್ರಾಟ್ಸ್‌ನಲ್ಲಿ ರೈಲು ಬಿಡಿ, ಬಸ್ಸು ಹಿಡಿಯಿರಿ.
ಮಂಗಳವಾರ ಹೋಗಿ, ಶುಕ್ರವಾರ ಹೋಗೋರು ಹಣವಂತರು.
ಲ್ಯುಬ್ಲಿಯಾನಾದಲ್ಲಿ ರೊಟ್ಟಿ ಏಳೂವರೆಗೆ ಕೊಳ್ಳಬೇಡಿ,
ಎಂಟಕ್ಕೆ ಅಂಗಡಿ ಮುಚ್ಚುವಾಗ ಕೊಳ್ಳಿ.
ಸೆಝಾನಾದಲ್ಲಿ ಇಳಿದು ನಡೀರಿ.
"ಕಾಲಿಗಿನ್ನೂ ಯಾರೂ ಟಿಕೆಟ್ಟು ಹಾಕಿಲ್ಲ."

ದೇಶ ಸುತ್ತು, ಕೋಶ ಓದು ಅಂತಾರಲ್ಲ,
ಎತೆಲ್ಕಾಳ ಕೋಶ ಎಂದರೆ ರೈಲ್ವೆ ವೇಳಾಪಟ್ಟಿ.
ಅಂಚು ಮಡಚಿ, ಎಣ್ಣೆಗೈ ತಾಗಿ, ಅಡಿಟಿಪ್ಪಣಿ ಸಮೇತ ಬಾಯಿಪಾಠ.
ಕೋಶಕ್ಕೆ ಬೊಕ್ಕಸ ಅಂತಲೂ ಅರ್ಥವಿದೆ.
ಅದು ನಮ್ಮಲ್ಲಿರಲಿಲ್ಲ.

ಕೊನೆಗೊಂದು ಮಾತು, ಗಾಜಿಗೆ ಬಾಯಿ ಹತ್ತಿರ ತಂದು:
"ಅಲ್ಲಿ ಕಾಫಿ ನಿಂತು ಕುಡೀರಿ. ಕೂತರೆ ಎರಡರಷ್ಟು."
ನೀವು ಹೋಗಿದ್ದಿರಾ ಅಂದ ಝೋಂಬೋರ್.
"ಎರಡು ಸಲ. ಒಂದು ಸಲ ಕೂತಿದ್ದೆವು," ಅಂದಳು.
ಚಿಲ್ಲರೆ ತಳ್ಳಿದಳು. "ಮುಂದಿನವರು."

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಆ ಬಸ್ಸಿನಲ್ಲಿ ಚಾಚುವುದಿರಲಿ, ಮಡಚಲೂ ಜಾಗವಿಲ್ಲ,
ಝೋಂಬೋರನ ಮೊಣಕಾಲು ಗಲ್ಲಕ್ಕೆ.
ಪಕ್ಕದಲ್ಲಿ ಯಾರದೋ ಮುದುಕಿಯನ್ನು ಮೂರು ತಿಂಗಳು
ಮೀಯಿಸಿ ಉಣಿಸಿ ಮನೆಗೆ ಮರಳುತ್ತಿದ್ದ ಹೆಂಗಸು,
ಹೆಸರು ನೆವೆಂಕಾ, ತೊಡೆ ಮೇಲೆ ಸೋಪುಪುಡಿಯ ದೊಡ್ಡ ಪೊಟ್ಟಣ.
"ಅಲ್ಲಿ ಅಗ್ಗ," ಅಂದಳು. ಅಷ್ಟೇ.
ಅಕ್ರೋಟದ ಕೇಕು ಮುರಿದು ಕೊಟ್ಟಳು.
ನಾವು ಮೋಜಿಗೆ ಹೋಗುತ್ತಿದ್ದೇವೆಂದು
ಅವಳಿಗೆ ಹೇಳಲಿಲ್ಲ.

ರಾತ್ರಿ ನಿಲ್ದಾಣದ ಬೆಂಚಿನಲ್ಲಿ ಪಾಳಿಯಲ್ಲಿ ನಿದ್ದೆ.
ಎಂಟು ಗಂಟೆಯ ರೊಟ್ಟಿ ಕಾಸಿಗೆ ತಕ್ಕ ಕಜ್ಜಾಯವೇ:
ಹೊರಗೆ ಕಲ್ಲು, ಒಳಗೆ ಸ್ವಲ್ಪ ದಯೆ.

ಸೆಝಾನಾ ದಾಟಿ ಸುಣ್ಣಕಲ್ಲಿನ ಬಯಲು.
ಸಾಲುಗಟ್ಟಿ ನಿಂತ ಲಾರಿಗಳು, ಚಕ್ರದ ನೆರಳಲ್ಲಿ
ಚಪ್ಪಲಿ ಬಿಟ್ಟು ಮಲಗಿದ ಚಾಲಕರು.
ಗಡಿ ಎಲ್ಲಿ ಮುಗಿಯಿತೋ ಕಾಣಲಿಲ್ಲ,
ಬೋರ್ಡಿನ ಅಕ್ಷರ ಬದಲಾಯಿತು, ನಾಯಿಯ ಬೊಗಳು ಅದೇ.
ಹಿಮ್ಮಡಿಯಲ್ಲಿ ಬೊಬ್ಬೆ ಎದ್ದ ಹೊತ್ತಿಗೆ
ನೆಲ ಥಟ್ಟನೆ ನಿಂತುಹೋಯಿತು.
ಆಕಾಶ ಅಂದುಕೊಂಡಿದ್ದರ ಮೇಲೆ
ಒಂದು ಹಡಗು ನಿಂತಿತ್ತು.

ಝೋಂಬೋರ್ ಏನೂ ಅನ್ನಲಿಲ್ಲ.
ನಾನು ಲಕೋಟೆ ತೆಗೆದು ನೋಡಿದೆ,
ಸಮುದ್ರದ ಮುಂದೆ ಎತೆಲ್ಕಾ ಏನನ್ನೂ ಬರೆದಿರಲಿಲ್ಲ.

ಇಳಿದೆವು. ಉಪ್ಪು ನೀರು ಪುಕ್ಕಟೆ,
ಶೌಚಕ್ಕೆ ಒಂದು ಯೂರೋ.
ದೊಡ್ಡ ಚೌಕದಲ್ಲಿ ಕಾಫಿಯಂಗಡಿ,
ಕಟ್ಟೆಗೊರಗಿ ನಿಂತವರು ಎರಡೇ ಗುಟುಕಿಗೆ ಮುಗಿಸಿ ನಡೆದರು.
ನಾವೂ ನಿಂತೆವು. ಕಾಲು ನೋಯುತ್ತಿತ್ತು.
ಅದು ನೆಪ. ಕುರ್ಚಿ ಎಳೆದವನು ಝೋಂಬೋರನೋ ನಾನೋ
ಈಗಲೂ ಜಗಳವಿದೆ.
ಒಂದು ಗಂಟೆ ಕೂತೆವು, ಒಡೆಯರಂತೆ,
ವಾಪಸು ದಾರಿಯ ಅರ್ಧ ರೊಟ್ಟಿಯನ್ನು ಅಲ್ಲೇ ಕುಡಿದೆವು.

ಬಂದ ಮೇಲೆ ಆ ಬಿಲ್ಲನ್ನು
ಮೂರನೇ ಕಿಂಡಿಯಲ್ಲಿ ತೂರಿಸಿದೆ.
ವೇಳಾಪಟ್ಟಿ ಓದುವಂತೆ ಮೇಲಿಂದ ಕೆಳಗೆ ಓದಿದಳು,
ಬೆರಳಿಟ್ಟು, ಇನ್ನೊಮ್ಮೆ.
"ನೀರಿಗೂ ದುಡ್ಡು ಹಾಕಿದಾನೆ, ಕಳ್ಳ."
ಕನ್ನಡಕ ಇಳಿಸಿದಳು. "ಮುಂದಿನವರು."

ಚೀಟಿ ಮಾತ್ರ ಕಿಂಡಿಯಿಂದ ಹೊರಗೆ ಬರಲಿಲ್ಲ.