ಬಿಟ್ಟ ಚುಕ್ಕಿ

ಗಿಣಿಗೇರಿಯ ಪೈಪಿನಂಗಳದಲ್ಲಿ ಮೊದಲ ದಿನ
ಸೂಪರ್‌ವೈಸರ್ ದುರುಗಪ್ಪ ಕೂಗಿದ:
"ಏ ರಾಜಾಸಾಬ, ಹಾಲಿಡೇ ಐತೇನು ನೋಡು!"
ಬಂದ ದಿನವೇ ರಜೆಯೇ ಎಂದು
ಬುತ್ತಿಗಂಟಿಗೆ ಕೈ ಹಾಕಿದ್ದೆ.
ನಕ್ಕರು ಎಲ್ಲ. ಕ್ರೇನಿನವನೂ ಮೇಲಿನಿಂದ ನಕ್ಕ.

ಲೇಪ ಬಳಿದ ಕೈ ರಜೆ ಹಾಕಿದ ಜಾಗಕ್ಕೆ
ನಮ್ಮಲ್ಲಿ ಹಾಗನ್ನುತ್ತಾರೆ.
ಸಾಸಿವೆಯಷ್ಟು. ಸಾಸಿವೆಯೂ ದೊಡ್ಡದು,
ಸೂಜಿ ಚುಚ್ಚಿ ತೆಗೆದಷ್ಟು.
ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ತಾಗುವುದಿಲ್ಲ.
ನೆಲದೊಳಗಿನ ತೇವಕ್ಕೆ ಮಾತ್ರ
ಅದರ ವಿಳಾಸ ಗೊತ್ತು.

ಪೈಪಿನ ಬರಿಮೈ ತುದಿಗೆ ಅರ್ಥಿಂಗ್ ವೈರು ಕಚ್ಚಿಸಿ
ಹಿತ್ತಾಳೆ ತಂತಿಯ ಕುಂಚ ಹಿಡಿದು ನಡೆಯಬೇಕು,
ಮದುಮಗಳಿಗೆ ಅರಿಶಿಣ ಹಚ್ಚುವವರ ಹಾಗೆ,
ಅವಸರವಿಲ್ಲದೆ.
ಇಬ್ಬನಿ ಇದ್ದರೆ ಕಾಯಬೇಕು.
ಫ್ಯಾಕ್ಟರಿಯ ಕೆಂಪು ಧೂಳು ಕೂತಿದ್ದರೆ ಒರೆಸಬೇಕು,
ಇಲ್ಲವಾದರೆ ಯಂತ್ರ ಸುಳ್ಳೇ ಅರಚುತ್ತದೆ.
ಬಿಟ್ಟ ಚುಕ್ಕಿ ನಿಜವಾಗಿ ಸಿಕ್ಕರೆ
ಚಟ್ ಎಂದು ನೀಲಿ ಕಿಡಿ,
ಕುಂಯ್ಯೆಂದು ಒಂದು ಕೂಗು.
ಸುತ್ತ ಸೀಮೆಸುಣ್ಣದ ಸೊನ್ನೆ ಬರೆದು ಮುಂದೆ.

ಅಪ್ಪ ಕಲಾಯಿಯವ.
ತಿದಿ, ನವಸಾಗರ, ತವರದ ಕಡ್ಡಿ, ಒಂದು ಹಿಡಿ ಅರಳೆ
ಸೈಕಲ್ಲಿಗೆ ಕಟ್ಟಿ ಕುಕನೂರು, ತಳಕಲ್ಲು, ಇರಕಲ್ಲಗಡ,
ಓಣಿ ಓಣಿಯಲ್ಲಿ "ಕಲಾಯೀ" ಎಂದು ಎಳೆಯುತ್ತ.
ಕಾದ ಬೋಗುಣಿಯೊಳಗೆ ಅರಳೆ ತಿರುವಿದರೆ
ಬಿಳಿ ಹೊಗೆ, ಅದರ ಬೆನ್ನಿಗೇ
ಕನ್ನಡಿಯೊಂದು ಎಚ್ಚೆತ್ತ ಹಾಗೆ ತವರ.
ಅವನ ಯಂತ್ರ ಹುಳಿಮಜ್ಜಿಗೆ.
ಪಾತ್ರೆಗೆ ಸುರಿದಿಟ್ಟು, ಊರ ಕಟ್ಟೆಯ ಮೇಲೆ ಮಲಗಿ,
ಬೆಳಿಗ್ಗೆ ಚೆಲ್ಲಿ ಬಿಸಿಲಿಗೆ ಓರೆ ಹಿಡಿಯುತ್ತಿದ್ದ.
ಒಂದು ಹಸಿರು ಚುಕ್ಕಿ ಕಂಡರೂ ಸಾಕು,
"ತವರ ಹಿಡಿದಿಲ್ಲವ್ವಾ, ಕಿಲುಬು ಎದ್ದೈತಿ."
ಮತ್ತೆ ತಿದಿ ಒತ್ತುತ್ತಿದ್ದ, ಬಿಟ್ಟಿ.

ಒಮ್ಮೆ ಮಾತ್ರ ಹೇಳಿದ್ದ,
ಕೊಡದೊಳಗೆ ಮೊಣಕೈತನಕ ಕೈ ಇಟ್ಟುಕೊಂಡೇ:
ಎರಡು ವರ್ಷ ಕೂಲಿಗೆ ಅಲೆಸಿದ ಮನೆಯೊಂದರ
ಹಾಲು ಕಾಯಿಸುವ ತಪೇಲಿಗೆ
ಬೇಕಂತಲೇ ಒಂದು ಜಾಗ ಬಿಟ್ಟಿದ್ದನಂತೆ,
ಕಂಠದ ಕೆಳಗೆ, ಕತ್ತಲಿರುವಲ್ಲಿ.
"ಆಮ್ಯಾಲ?" ಅಂದೆ.
ಅಪ್ಪ ಅರಳೆ ಬಿಡಿಸುತ್ತ ಕೂತ.
"ಆ ಮನಿಯಾಗ ಸಣ್ಣ ಕೂಸು ಇತ್ತು" ಅಂದ.
ಅಷ್ಟೇ ಅಂದ.

ನನ್ನದು ನಾನೂರ ಹದಿನೇಳನೆಯ ಪೈಪು.
ಹೋದ ವರ್ಷ, ಮೊಹರಂ ಹತ್ತಿರ, ರಾತ್ರಿ ಪಾಳಿ.
ಹನ್ನೊಂದು ಲಾರಿ ಗೇಟಿನಾಚೆ ಸಾಲಾಗಿ ನಿಂತಿದ್ದವು.
ಬೆಸುಗೆಯ ಅಂಚಿನಲ್ಲಿ, ಹೊಟ್ಟೆಯ ಕೆಳಗೆ, ಕಿಡಿ ಹಾರಿತು.
ಸೀಮೆಸುಣ್ಣ ತೆಗೆದೆ.
ದುರುಗಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಮೆಲ್ಲಗೆ ಬಂದು ಯಂತ್ರದ ತಿರುಗಣಿ ಇಳಿಸಿದ,
ಇಪ್ಪತ್ತೈದು ಸಾವಿರ ವೋಲ್ಟಿನಿಂದ ಆರಕ್ಕೆ.
"ಈಗ ನೋಡು."
ಕುಂಚ ಅದೇ ಜಾಗದ ಮೇಲೆ ಹಾದು ಹೋಯಿತು.
ಯಂತ್ರ ಸುಮ್ಮನಿತ್ತು,
ಪಂಚಾಯ್ತಿಯಲ್ಲಿ ಹಿರಿಯರು ಸುಮ್ಮನಿರುವ ಹಾಗೆ,
ಗೊತ್ತಿದ್ದೂ.
ಸಹಿ ಹಾಕಿದೆ. ನನ್ನ ಸಹಿ ಚಂದ ಇದೆ,
ಶಾಲೆಯಲ್ಲಿ ಮಾಸ್ತರರು ಹೊಗಳಿದ್ದರು.

ಆ ಪೈಪು ಈಗ ಯಲಬುರ್ಗಾ ದಾರಿಯಲ್ಲಿ ಎಲ್ಲೋ
ಎರೆಮಣ್ಣಿನ ಕೆಳಗೆ ನೀರು ಹೊರುತ್ತಿದೆ.
ಮೇಲೆ ಕಡಲೆ ಹೊಲವೋ, ಯಾರದೋ ಹಿತ್ತಿಲೋ.
ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ,
ನಾಲಿಗೆಯಲ್ಲಿ ಉಪ್ಪಿಟ್ಟುಕೊಂಡು ಹುಡುಕುತ್ತದೆ.
ಅದಕ್ಕೂ ಅವಸರವಿಲ್ಲ.
ಹತ್ತು ವರ್ಷ ಹಿಡಿಯಬಹುದು. ಇಪ್ಪತ್ತು.
ಏನೂ ಆಗದೆಯೂ ಇರಬಹುದು.
ಇದನ್ನೇ ನನಗೆ ನಾನು ಹೆಚ್ಚು ಸಲ ಹೇಳಿಕೊಳ್ಳುವುದು.

ತಿರುಗಣಿಗೆ ಈಗ ಟೇಪು ಸುತ್ತಿಟ್ಟಿದ್ದೇನೆ,
ಇಪ್ಪತ್ತೈದರ ಗೆರೆಯಲ್ಲಿ.
ದುರುಗಪ್ಪ ನೋಡಿದ. ಬೀಡಿ ಕೇಳಿದ. ಕೊಟ್ಟೆ.
ಯಲಬುರ್ಗಾ ಬಸ್ಸು ಹತ್ತಿದಾಗಲೆಲ್ಲ
ಕಿಟಕಿ ಕಡೆಯ ಸೀಟಿಗೆ ಜಗಳಾಡುತ್ತೇನೆ.
ಎಪ್ರಿಲ್ಲಿನ ಬೋಳು ಎರೆಯಲ್ಲಿ
ಎಲ್ಲಾದರೂ, ಒಂದೇ ಕಡೆ,
ಕಾರಣವಿಲ್ಲದೆ ಹುಲ್ಲು
ಹಸಿರಾಗಿದೆಯೇ ಎಂದು.