ಸೇತುವೆಯ ಈಚೆ

ಡೋರಿನ್ ಥ್ಯಾಕ್ರೆಯ ಮನೆಯ ನಾಯಿಗೆ
ರಾಜಕಾರಣಿಯ ವಾಸನೆಯೇ ಗೊತ್ತಿಲ್ಲ.
ಐವತ್ತೊಂದು ವರ್ಷದಲ್ಲಿ ಓಟು ಕೇಳಿ ಬಾಗಿಲು ಬಡಿದವನು
ಒಬ್ಬನೇ, ಅವನೂ ದಾರಿ ತಪ್ಪಿ ಬಂದವನು.

ಟೀಸ್ ನದಿಯಾಚೆ ತಂಗಿ ಮುರಿಯೆಲ್‌ಳ ಮನೆ,
ಕಳೆದ ಸಲ ಇನ್ನೂರ ಹನ್ನೊಂದು ಮತದಲ್ಲಿ ಉರುಳಿದ ಕ್ಷೇತ್ರ.
ಅಲ್ಲಿ ಚಹಾ ಆರುವುದರೊಳಗೆ ಮೂವರು ಅಭ್ಯರ್ಥಿಗಳು,
ಮುಚ್ಚಿದ ಹೆರಿಗೆ ವಾರ್ಡು ತೆರೆಸುವ ಮಾತು,
ಗೇಟಿನ ಕೀಲಿಗೆ ಎಣ್ಣೆ ಬಿಟ್ಟು ಹೋದವನೂ ಒಬ್ಬ.

ಒಂದೇ ಮಳೆ, ಒಂದೇ ಬಸ್ಸು.

ಈಚೆ, ಗೆಲ್ಲುವ ಬಣ್ಣದ ರಿಬ್ಬನ್ ಕಟ್ಟಿದರೆ
ಹಾಲಿನ ಕ್ಯಾನೂ ಸಂಸತ್ತಿಗೆ ಹೋದೀತು.
ಡೋರಿನ್ ಹಾಕುವುದು ಬೇರೆಯವರಿಗೆ,
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ,
ಪ್ರತಿ ಸಲವೂ ಒಳ್ಳೆಯ ಕೋಟು ತೊಟ್ಟು.

ನಾಳೆ ರಾತ್ರಿ ಶಾಲೆಯ ಜಿಮ್ಮಿನಲ್ಲಿ ಎಣಿಕೆ.
ಅವಳ ಚೀಟಿ ಸೋತ ಕಟ್ಟಿಗೆ, ರಬ್ಬರ್ ಬ್ಯಾಂಡಿನ ಬಿಗಿಗೆ.
ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ತೂಗಿದವಳು:
ತೆಳ್ಳನೆಯ ಕಾಗದಕ್ಕೂ
ಮುಳ್ಳು ಒಂದಿಷ್ಟು ಅಲುಗುತ್ತಿತ್ತು.

"ಎಲ್ಲ ಊರಿನದೂ ಒಂದೇ ತಟ್ಟೆಗೆ ಸುರಿದು ತೂಗಲಿ" ಎಂದಳು ಫೋನಿನಲ್ಲಿ,
"ನೂರಕ್ಕೆ ಹನ್ನೆರಡು ಬಂತೋ, ಹನ್ನೆರಡು ಕುರ್ಚಿ ಕೊಡಲಿ.
ನನ್ನದು ಆ ಹನ್ನೆರಡರಲ್ಲಿ ಎಲ್ಲೋ..."

"ತಡಿಯೇ" ಎಂದಳು ಮುರಿಯೆಲ್,
"ಯಾರೋ ಬಾಗಿಲು ಬಡೀತಿದಾರೆ."