ಒತ್ತೆಯ ಚೀಟಿ

ಮರಾಠಿ ಆರಾಧನೆ ಮುಗಿದ ಮೇಲೆ ನಮ್ಮ ಪಾಳಿ.
ಹಲಗೆಯ ಮೇಲೆ ಇನ್ನೂ ಅವರ ಹಾಡಿನ ಅಂಕಿ,
ಬೆಂಚಿನಲ್ಲಿ ಅವರು ಕೂತೆದ್ದ ಬಿಸಿ.
ಖಡ್ಕಿಯ ಈ ಕಲ್ಲು ದೇವಾಲಯದಲ್ಲಿ
ಮೂವತ್ತೇಳು ಜನ ಕನ್ನಡದಲ್ಲಿ ಮೊಣಕಾಲೂರುತ್ತೇವೆ.

ಕರ್ತನ ಪ್ರಾರ್ಥನೆಯ ಒಂದು ಸಾಲನ್ನು
ಹನ್ನೊಂದು ವರುಷ ನಾನು ಹೇಳಿರಲಿಲ್ಲ.
ರೊಟ್ಟಿಯ ಮಾತಿನವರೆಗೆ ಎಲ್ಲರೊಡನೆ ಬಂದು
ತುಟಿ ಹೊಲಿದುಕೊಳ್ಳುತ್ತಿದ್ದೆ,
ಶೋಧನೆಯ ಬಳಿ ಮತ್ತೆ ಕೂಡಿಕೊಳ್ಳುತ್ತಿದ್ದೆ,
ಗಾಡಿ ತಪ್ಪಿದವಳು ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದ ಹಾಗೆ.
ಪಕ್ಕದ ಸುವಾರ್ತಮ್ಮನಿಗೆ ಗೊತ್ತು. ಕೆಮ್ಮಿ ಮುಚ್ಚುತ್ತಿದ್ದಳು.

ಸಾಲ ಮಾಡಿದವನು ತಮ್ಮ, ಎಬೆನೇಜರ.
ಬೆಟಗೇರಿಯಿಂದ ಅವ್ವ ತಲೆಯ ಮೇಲೆ ಹೊತ್ತು ತಂದ
ಹೊಲಿಗೆ ಯಂತ್ರವನ್ನು,
ನಾನು ದಾಪೋಡಿಗೆ ಅಳತೆ ತೆಗೆಯಲು ಹೋದ ಮಧ್ಯಾಹ್ನ,
ಬಜಾರಿನ ಓಸ್ವಾಲನಲ್ಲಿ ಒತ್ತೆ ಇಟ್ಟ.
"ಅಕ್ಕಾ, ಎರಡ ತಿಂಗಳದಾಗ ಬಿಡಿಸ್ತೀನಿ."
"ನಿನ್ನ ಮಾರಿ ನನಗ ತೋರಸಬ್ಯಾಡ," ಅಂದೆ.
ತೋರಿಸಲಿಲ್ಲ.
ಹುಟ್ಟಿದಾಗಿನಿಂದ ನನ್ನ ಮಾತು ಕೇಳದವನು
ಅದೊಂದನ್ನು ಸಾಯುವ ತನಕ ಕೇಳಿದ.

ಅವನನ್ನು ಕ್ಷಮಿಸಿದೆ. ಸತ್ತವರ ಮೇಲೆ ಎಷ್ಟೊತ್ತು ಸಿಟ್ಟು?

ಈಸ್ಟರಿನ ಮಾರನೆಯ ವಾರ ಅವನ ಮಗ ಬಂದ, ಅಪ್ಪನದೇ ಕಿವಿ.
ಬಿಸ್ಕೀಟಿನ ಡಬ್ಬಿ ತೆರೆದು ಮೇಜಿನ ಮೇಲೆ ಸುರಿದ:
ಬಡ್ಡಿ ಕಟ್ಟಿದ ಚೀಟಿಗಳು, ವರುಷಕ್ಕೆರಡು,
ಯಂತ್ರ ಹರಾಜಿಗೆ ಹೋಗದಿರಲೆಂದು.
ಅಸಲಿಗೆ ಎಂದೂ ದುಡ್ಡು ಕೂಡಲಿಲ್ಲ.
ಕಡೆಯದು ಅವನು ಹೋದ ವಾರದ್ದು,
ಹುಡುಗನ ದುಂಡಕ್ಷರದ ಸಹಿ.

ಈಗ ಆ ಸಾಲಿನಲ್ಲಿ ಸಾಲಗಾರರು ಯಾರು?

ಪಾಸ್ಟರು ಏಳೆಪ್ಪತ್ತರ ಲೆಕ್ಕ ಹೇಳಿದರು.
"ಅದು ಅಣ್ಣತಮ್ಮಂದಿರ ಲೆಕ್ಕ ಅಯ್ಯನವರೆ,
ನನ್ನ ನಾಲಿಗಿಗೆ ಎಷ್ಟ ಸಲ?"
ಅವರು ಕನ್ನಡಕ ಒರೆಸಿಕೊಂಡು ಚಹಾ ತರಿಸಿದರು.

ನನಗೆ ಗೊತ್ತಿರುವುದು ಬಟ್ಟೆ.
ತಪ್ಪಿದ ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ನಿಲ್ಲುತ್ತದೆ.
ನೀರು ಚಿಮುಕಿಸಿ, ಉಗುರಿನಿಂದ ತಿಕ್ಕಿ, ಇಸ್ತ್ರಿ ಒತ್ತಿದರೆ
ಖಾದಿಯಲ್ಲಿ ಮುಚ್ಚುತ್ತದೆ. ರೇಷ್ಮೆಯಲ್ಲಿ ಇಲ್ಲ.
ನಾನು ಯಾವ ಬಟ್ಟೆಯೋ.

ಹೋದ ಭಾನುವಾರ ಆ ಸಾಲಿಗೆ ಬಾಯಿ ತೆರೆದೆ.
ಸರಿಯಾಗಿ ಆಗಲೇ ಲೋಣಾವಳಾ ಲೋಕಲ್ಲು
ಕಿಟಕಿಗಳನ್ನು ನಡುಗಿಸುತ್ತ ಹಾದುಹೋಯಿತು.
ಸುವಾರ್ತಮ್ಮ ಅಭ್ಯಾಸಬಲದಿಂದ ಕೆಮ್ಮಿದಳು.
ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ.

ಓಸ್ವಾಲನ ಮಗ ಅಸಲು ಎಷ್ಟೆಂದು ಬರೆದುಕೊಟ್ಟಿದ್ದಾನೆ.
ಬಾಡಿಗೆ ಯಂತ್ರದಲ್ಲಿ ಇನ್ನು ಒಂಬತ್ತು ರವಿಕೆ,
ಎರಡು ಕಿಟಕಿ ಪರದೆ.
ಹುಡುಗ ತಾನೂ ಬರುತ್ತೇನೆ ಅಂದಿದ್ದಾನೆ,
ಹೊರಲು.